ಮಂದಿ ಎದ್ದು ಹೋದ ಮೇಲಿನ ಕೋಣೆ

ಅಣ್ಣನಿಗೆ ಒಬ್ಬ ಸಿನಿಮಾ ನಿರ್ದೇಶಕನ ಹುಚ್ಚಿತ್ತು. ಆ ನಿರ್ದೇಶಕನ ಸಿನಿಮಾದಲ್ಲಿ ಮಾತು ಮುಗಿದು ಮಂದಿ ಎದ್ದು ಹೋದರೂ ಕ್ಯಾಮೆರಾ ಖಾಲಿ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಸಂಗೀತವೂ ಇಲ್ಲ.

ಅಣ್ಣ ಸಿಂಧನೂರಿನಲ್ಲಿ ಟೇಲರ್. ನನ್ನನ್ನು ಕೊಟ್ಟದ್ದು ಮಸ್ಕಿಗೆ. ಆ ನಿರ್ದೇಶಕನದೊಂದು ಸಿನಿಮಾ ಸಿಂಧನೂರಿಗೆ ಬಂದಾಗ ಅತ್ತಿಗೆ ಬರಲೊಲ್ಲೆ ಎಂದಳಂತೆ. ಅಣ್ಣ ಫೋನ್ ಮಾಡಿ ನನ್ನನ್ನು ಕರೆಸಿಕೊಂಡ. ಮಧ್ಯಾಹ್ನದ ಆಟ. ಖಾಲಿ ಕೋಣೆ ಬಂದ ಕೂಡಲೇ ಹಿಂದಿನಿಂದ ಸಿಳ್ಳೆ ಬಿದ್ದವು. "ಮಷಿನ್ ಕೆಟ್ಟೈತೇನಲೇ" ಎಂದು ಯಾರೋ ಕೂಗಿದರು. ಇಂಟರ್ವಲ್ ಹೊತ್ತಿಗೆ ಅರ್ಧ ಮಂದಿ ಹೋಗಿದ್ದರು. ನಾನೂ ಬಸ್ಸಿನ ನೆವ ತೆಗೆದೆ.

"ಎಲ್ಲಾರೂ ಎದ್ದು ಹೋದ ಮ್ಯಾಲೆ ಆ ಕ್ವಾಣ್ಯಾಗ ಏನು ನೋಡೂದೈತಿ ಅಣ್ಣಾ?"

"ಹೋದೋರು ಹೆಂಗ ಹೋದ್ರು ಅಂತ ಕ್ವಾಣಿಗಿ ಗೊತ್ತಿರತೈತಿ. ಸುಮ್ನ ಕುಂದ್ರಬೇ."

ನಾನು ಕೂಡಲಿಲ್ಲ. ಅವನೊಬ್ಬನನ್ನೇ ಬಿಟ್ಟು ಬಂದೆ.

ಆ ಚಳಿಗಾಲದಲ್ಲಿ ಅಣ್ಣ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ದಿನಕರ್ಮ ಮುಗಿದ ಮೇಲೆ ಅಂಗಡಿ ತೆರವು ಮಾಡಲು ಅತ್ತಿಗೆಯೂ ನಾನೂ ಶಟರ್ ಎತ್ತಿದೆವು. ಖಾಲಿ ಚೀಲ ಕೇಳಲು ಅತ್ತಿಗೆ ಪಕ್ಕದ ಅಂಗಡಿಗೆ ಹೋದಳು. ಮಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಅಂಗಿಯ ತೋಳು ಇನ್ನೂ ಇತ್ತು. ಕುರ್ಚಿ ಮಗ್ಗುಲಿಗೆ ತಿರುಗಿತ್ತು, ಯಾರೋ ಈಗಷ್ಟೇ ಎದ್ದ ಹಾಗೆ. ಹೊರಗೆ ನೆಲ್ಲು ತುಂಬಿದ ಟ್ರ್ಯಾಕ್ಟರ್ ಹಾದುಹೋಯಿತು. ಗೋಡೆಯ ಮೊಳೆಗೆ ಹಾಕಿದ್ದ ಅಳತೆಯ ಟೇಪು ಮೆಲ್ಲಗೆ ಅಲುಗಾಡಿತು. ನನಗೆ ಕಣ್ಣು ಕೀಳಲಾಗಲಿಲ್ಲ. ಕಿತ್ತರೆ ಅವನು ಪೂರ್ತಿ ಹೋಗಿಬಿಡುತ್ತಾನೆ ಅನಿಸಿತು.

ತಿಂಗಳೊಪ್ಪತ್ತಾದ ಮೇಲೆ ಅತ್ತಿಗೆ ಕೇಳಿದಳು: "ಆ ಸಿನಿಮಾದಾಗ ಏನಿತ್ತವ್ವಾ? ಬಾ ಅಂತ ಎಷ್ಟ್ ಕರದ್ರು. ನಾ ಕೆಲಸ ಐತಿ ಅಂದೆ."

ಅವತ್ತು ಅಡುಗೆ ಮುಗಿಸಿ, ಅವಳ ಮನೆಯಲ್ಲೇ ಕೂತು, ನನ್ನ ಫೋನಿನಲ್ಲಿ ಹಚ್ಚಿದೆವು. ಖಾಲಿ ಕೋಣೆ ಬಂತು. ಅವಳಿಗೆ ಬೇಸರವಾದೀತೆಂದು ಮುಂದೆ ಓಡಿಸಲು ಬೆರಳಿಟ್ಟೆ. ಅವಳು ನನ್ನ ಕೈ ಹಿಡಿದಳು.

"ಇರಲಿ. ಓಡಸಬ್ಯಾಡ."

ಆ ಕೋಣೆಯ ಆಚೆ ಎಲ್ಲೋ ಹೆಜ್ಜೆ ಸಪ್ಪಳವಿತ್ತು. ಥಿಯೇಟರಿನ ಗದ್ದಲದಲ್ಲಿ ನನಗದು ಕೇಳಿಸಿರಲೇ ಇಲ್ಲ. ಹೆಜ್ಜೆಗಳು ದೂರ ಸರಿದು ನಿಂತವು. ಅತ್ತಿಗೆ ಹೊರಳಿ ಮನೆಯ ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲೇ ಅದಾರ ಅನಸ್ತೈತಿ" ಎಂದಳು.

ಆಮೇಲೆ ಆ ನಿರ್ದೇಶಕನ ಸಿನಿಮಾಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ಒಂದನ್ನು ನೋಡುತ್ತಾ ನಿದ್ದೆ ಹೋದೆ. ಇನ್ನೊಂದನ್ನು ಬರೀ ಹಟಕ್ಕೆ ಬಿದ್ದು ಎಳೆದಿದ್ದಾನೆ ಅಂತ ಇವತ್ತಿಗೂ ಅನಿಸುತ್ತದೆ. ನನ್ನ ಗಂಡ "ಖಾಲಿ ಗ್ವಾಡಿ ಏನು ನೋಡ್ತಿ" ಎಂದು ಎದ್ದು ಹೋಗುತ್ತಾನೆ. ಅವನಿಗೆ ತಿಳಿಸಿ ಹೇಳಲು ನನಗೂ ಬರುವುದಿಲ್ಲ. ಆ ಎಳೆದ ಸಿನಿಮಾದ ಬಗ್ಗೆ ಅಣ್ಣನ ಹತ್ತಿರ ಜಗಳ ತೆಗೆಯಬೇಕೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡು, ಅವನ ನಂಬರಿನವರೆಗೂ ಹೋಗಿದ್ದೇನೆ.