ರೂಪಾಯಿ ಹಾಕಿ ಬಿಡಿಸಿಕೊಂಡ ಗಾಡಿ

ನನ್ನ ಅವ್ವ ಕೋಲು ಹಿಡಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಬಳಗದಲ್ಲಿ ಈ ಪ್ರಸಂಗ ಹೇಳುವವರೆಲ್ಲ ಅವಳ ಕೈಗೊಂದು ಕೋಲು ಕೊಟ್ಟೇ ಶುರು ಮಾಡುತ್ತಾರೆ. ವಯಸ್ಸಾದ ಹೆಂಗಸು ಎಂದಮೇಲೆ ಕೋಲು ಇದ್ದೇ ಇರಬೇಕು ಎಂದು ಅವರ ನೆನಪು ತಾನೇ ತೀರ್ಮಾನಿಸಿಬಿಟ್ಟಿದೆ. ಕೋಲು ಇತ್ತು, ಸುಳ್ಳಲ್ಲ. ಖಾನಾಪುರದ ಪೇಟೆಯಲ್ಲಿ ನಾನೇ ಕೊಂಡು ತಂದದ್ದು. ಅದರಿಂದ ಅವಳು ಹಿತ್ತಲಿನ ಎತ್ತರದ ತಂತಿಯ ಮೇಲೆ ಒದ್ದೆ ಸೀರೆ ಏರಿಸುತ್ತಿದ್ದಳು.

"ಬಡಿಗಿ ಭಾಳ ಚಲೋ ತಂದಿ. ತಂತಿಗೆ ಸರೀ ನಿಲಕತೈತಿ" ಎಂದಿದ್ದಳು.

ಶಹಾಪುರದ ನಮ್ಮ ಮನೆಯಲ್ಲಿ ಮಗ್ಗ ಇದ್ದಷ್ಟು ಕಾಲ ಅವಳು ನೆಲದ ಮೇಲೆ ಕೂತು, ರಾಟೆ ತಿರುಗಿಸಿ ನೂಲು ಸುತ್ತಿಕೊಟ್ಟವಳು. ಅಪ್ಪ ತೀರಿಕೊಂಡರು, ಮಗ್ಗ ಮಾರಿದೆವು, ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಖಾನಾಪುರದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಅಷ್ಟರಲ್ಲಿ ಅವಳ ಎರಡು ಮೊಣಕಾಲುಗಳೂ ಕೈಕೊಟ್ಟಿದ್ದವು. ನೆಹರು ನಗರದ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ಏನಾದರೂ ಆಸರೆ ಹಿಡಿದು ದಿನವೂ ನಡೆಯಬೇಕು, ಕೂತುಬಿಟ್ಟರೆ ಮುಂದೆ ಏಳುವುದು ಕಷ್ಟ ಎಂದಿದ್ದರು. ಆಸರೆ ಎಂದರೆ ಅವಳಿಗೆ ಒಂದೋ ಗೋಡೆ, ಇಲ್ಲವೇ ನನ್ನ ತೋಳು. ಗೋಡೆ ನಮ್ಮ ಓಣಿಯ ಕೊನೆಗೆ ಮುಗಿಯುತ್ತಿತ್ತು. ನನ್ನ ತೋಳು ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗಿ ಸಂಜೆ ಮರಳುತ್ತಿತ್ತು. ನಡುವಿನ ಹೊತ್ತು ಪೂರ್ತಿ ಅವಳು ಹೊಸ್ತಿಲ ಹತ್ತಿರ ಕೂತಿರುತ್ತಿದ್ದಳು. ಹಲಸಿಯಲ್ಲಿ ಹುಟ್ಟಿ, ತಲೆಯ ಮೇಲೆ ಬುಟ್ಟಿ ಹೊತ್ತು ನಂದಗಡದ ಸಂತೆಗೆ ನಡೆದು ಹೋಗಿಬರುತ್ತಿದ್ದ ಹೆಂಗಸು ಅವಳು. ಆ ಹೊಸ್ತಿಲ ಬಳಿಯ ಹೊತ್ತುಗಳ ಬಗ್ಗೆ ಅವಳು ಎಂದೂ ದೂರಲಿಲ್ಲ. ಅವಳು ದೂರದೆ ಕೂತಿರುವುದೇ ನನಗೆ ಹೆದರಿಕೆ ತರುತ್ತಿತ್ತು.

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಮ್ಮ ಮನೆಗೆ ಹತ್ತಿರವೇ ಒಂದು ಸಹಕಾರ ಸಂಘದವರು ದೊಡ್ಡ ಕಿರಾಣಿ ಅಂಗಡಿ ತೆರೆದರು. ಜನ ಅದನ್ನು ಸೊಸೈಟಿ ಎಂದೇ ಕರೆಯುತ್ತಿದ್ದರು. ಶೇರು ಹಾಕಿದವರೆಲ್ಲ ಸದಸ್ಯರು, ಅವ್ವನೂ ಒಬ್ಬ ಸದಸ್ಯೆ. ಬೇಕಾದ ಸಾಮಾನನ್ನು ನಾವೇ ಕೈಯಾರೆ ತೆಗೆದುಕೊಳ್ಳಬಹುದಿತ್ತು. ಅದನ್ನು ಹಾಕಿಕೊಳ್ಳಲು ತಂತಿಯ ಬುಟ್ಟಿ, ಕೆಳಗೆ ನಾಲ್ಕು ಗಾಲಿ, ಹಿಂದೆ ಎದೆಯೆತ್ತರಕ್ಕೆ ಅಡ್ಡ ಹಿಡಿಕೆ ಇದ್ದ ಗಾಡಿಗಳನ್ನು ಇಟ್ಟಿದ್ದರು. ಮೊದಲ ದಿನ ಅವಳನ್ನು ತೋಳು ಹಿಡಿದು ಕರೆದೊಯ್ದವಳು ನಾನು. ಅವಳು ಹಿಡಿಕೆಯ ಮೇಲೆ ಎರಡೂ ಕೈ ಇಟ್ಟಳು, ಬೆನ್ನು ನೆಟ್ಟಗೆ ಮಾಡಿ ನಡೆದೇಬಿಟ್ಟಳು. ಅವಳ ನಿಜವಾದ ಎತ್ತರ ನನಗೆ ಆವತ್ತೇ ಗೊತ್ತಾಯಿತು ಎಂದು ಬರೆಯಬೇಕೆನಿಸುತ್ತದೆ. ಹಾಗೆ ಅನಿಸಿದ್ದು ಆವತ್ತೋ, ಎಷ್ಟೋ ವರ್ಷಗಳ ನಂತರ ಅವಳನ್ನು ನೆನೆಯುವಾಗಲೋ, ಖಚಿತವಾಗಿ ಹೇಳಲಾರೆ. ಅವಳು ಅಂಗಡಿಯ ಬಾಗಿಲಲ್ಲಿ ಗಾಡಿ ಬಿಡಲಿಲ್ಲ ಎಂಬುದು ಮಾತ್ರ ಖಚಿತ. ರಸ್ತೆಗಿಳಿದಳು, ಮನೆಯವರೆಗೂ ಅದನ್ನೇ ತಳ್ಳಿಕೊಂಡು ಬಂದಳು.

ಮರುದಿನ ಸಂಜೆ ಗಾಡಿ ಮರಳಿಸಲು ಹೋದಳು, ಪಾವು ಕಿಲೋ ಏನೋ ಕೊಂಡಳು, ಮತ್ತೆ ಗಾಡಿ ತಂದಳು. ದಿನವೂ ಹೀಗೆಯೇ. ಓಣಿಯ ಬೇರೆ ಹೆಂಗಸರೂ ಸಾಮಾನಿನ ಜೊತೆ ಗಾಡಿಯನ್ನು ಮನೆಗೆ ಒಯ್ದು ಮರುದಿನ ತರುತ್ತಿದ್ದರು. ನಮ್ಮ ಕಡೆ ನೆರೆಮನೆಯಿಂದ ಎರವಲು ತಂದ ಪಾತ್ರೆಯನ್ನು ಯಾರೂ ಬರಿದಾಗಿ ಮರಳಿಸುವುದಿಲ್ಲ. ಒಂದು ಹಿಡಿ ಜೋಳ, ಬೆಲ್ಲದ ಚೂರು, ಏನೂ ಇಲ್ಲದಿದ್ದರೆ ಎರಡು ಹಸಿ ಮೆಣಸಿನಕಾಯಿಯನ್ನಾದರೂ ಹಾಕಿ ಕೊಡುತ್ತಾರೆ. ಸೊಸೈಟಿಯ ಗಾಡಿಗಳೂ ಹಾಗೆಯೇ ಮರಳಿದವು. ಮ್ಯಾನೇಜರು ಬೆಳಿಗ್ಗೆ ಬಂದು ನೋಡಿದರೆ ಒಂದರಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಕರಿಬೇವಿನ ಕಡ್ಡಿ, ಮತ್ತೊಂದರಲ್ಲಿ ಬೆಲ್ಲ, ಬೆಲ್ಲಕ್ಕೆ ಇರುವೆ. ಅವರು ಸಹಕಾರ ಡಿಪ್ಲೊಮಾ ಮಾಡಿದ ತರುಣ, ಕೆಟ್ಟವರಲ್ಲ.

"ಅಕ್ಕಾರ, ಅಂಗಡಿಗೆ ಯಾರರೆ ನಿಂಬಿಹಣ್ಣು ಕೊಡ್ತಾರೇನ್ರಿ?" ಎಂದು ಕೇಳಿದ್ದರಂತೆ.

ನಮ್ಮ ಪಕ್ಕದ ಮನೆಯ ಮರಾಠಿ ಹೆಂಗಸು, "ಅಂಗಡಿಗಲ್ಲ ಸಾಹೇಬ್ರ, ಗಾಡಿಗೆ" ಎಂದಳಂತೆ.

ಸಂಘದ ಅಧ್ಯಕ್ಷರು ಅದೇ ವರ್ಷ ಪರದೇಶಕ್ಕೆ ಹೋಗಿ ಬಂದವರು. ಅಲ್ಲಿ ನಾಣ್ಯ ಹಾಕಿದರೆ ಮಾತ್ರ ಗಾಡಿ ಬಿಡುವ ಕೀಲಿ ನೋಡಿದ್ದರು. ಗಾಡಿಗಳು ಸಂಜೆ ಅಂಗಡಿಯಲ್ಲಿ ಸಾಲಾಗಿ ನಿಂತಿರುವುದಿಲ್ಲ ಎಂಬುದು ಅವರ ಚಿಂತೆ. ಉದ್ಯಮಬಾಗದ ಒಂದು ಲೇಥ್ ಅಂಗಡಿಯಲ್ಲಿ ಅಂಥದೇ ಕೀಲಿಗಳನ್ನು ಮಾಡಿಸಿದರು. ಪ್ರತಿ ಗಾಡಿಯ ಹಿಡಿಕೆಗೆ ಒಂದು ಕಬ್ಬಿಣದ ಪುಟ್ಟ ಪೆಟ್ಟಿಗೆ; ಮುಂದಿನ ಗಾಡಿಯ ಸರಪಳಿಯ ತುದಿ ಅದರೊಳಗೆ ಸಿಕ್ಕಿಕೊಂಡಿರುತ್ತಿತ್ತು. ಸೀಳಿನಲ್ಲಿ ಒಂದು ರೂಪಾಯಿ ಒತ್ತಿದರೆ ಸರಪಳಿ ಕಳಚುತ್ತಿತ್ತು. ಗಾಡಿಯನ್ನು ಮರಳಿ ತಂದು ಸರಪಳಿ ಸಿಕ್ಕಿಸಿದರೆ ರೂಪಾಯಿ ಹೊರಬರುತ್ತಿತ್ತು. ಗೋಡೆಯ ಮೇಲೆ ಬೋರ್ಡು: ಒಂದು ರೂಪಾಯಿ ಠೇವಣಿ.

ನಮ್ಮ ಓಣಿಗೆ ಗೊತ್ತಿದ್ದದ್ದು ಸೈಕಲ್ ಅಂಗಡಿ. ರೊಕ್ಕ ಕೊಡು, ಸೈಕಲ್ ಒಯ್ಯಿ, ಎಲ್ಲಿಗೆ ಒಯ್ದೆ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ರೂಪಾಯಿ ಎಂದರೆ ಬಾಡಿಗೆ ಎಂದೇ ಎಲ್ಲರೂ ತಿಳಿದರು.

"ಸೈಕಲ್‌ನಾವ ತಾಸಿನ ಲೆಕ್ಕ ಹಿಡೀತಾನ" ಎಂದಳು ಪಕ್ಕದ ಮನೆಯವಳು. "ಇವ್ರು ಒಂದ ರುಪಾಯಿಗೆ ಬೇಕಾದಷ್ಟು ದಿನಾ ಕೊಡ್ತಾರ. ಅದೂ ಹೊಳ್ಳಿ ಕೊಡ್ತಾರಂತ. ಖರೇ ಹೇಳ್ತೀನಿ, ಹಿಂಗಾದ್ರ ಸೊಸೈಟಿ ಮುಳಗತೈತಿ."

ಗಾಡಿಗಳು ಮನೆಯಲ್ಲೇ ಉಳಿಯತೊಡಗಿದವು. ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನೂಲಿನ ಉಂಡೆ ಹೊತ್ತುಕೊಂಡಿತ್ತು. ಒಂದರಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿದ್ದರು. ಮರಳಿ ಬಂದ ಗಾಡಿಗಳು ಬರಿದಾಗಿ ಬಂದವು. ಬಾಡಿಗೆ ಕೊಟ್ಟಮೇಲೆ ಯಾರು ಹಿಡಿ ಜೋಳ ಹಾಕುತ್ತಾರೆ? ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ಠೇವಣಿಗೂ ಬಾಡಿಗೆಗೂ ವ್ಯತ್ಯಾಸ ತಿಳಿಯದ ಜನ ಎಂದರು. ನನಗೆ ಸಿಟ್ಟು ಬಂದಿತು, ಆ ಸಿಟ್ಟು ಈಗಲೂ ಇದೆ. ಎರವಲು ಕೊಟ್ಟಾಗ ಏನಾದರೂ ಹಾಕಿ ಮರಳಿಸುತ್ತಿದ್ದ ಜನ ಅವರು. ಸಂಘದವರು ಬಂದು, ನಿಮ್ಮ ಮೇಲೆ ನಂಬಿಕೆಯಿಲ್ಲ, ನಂಬಿಕೆಯ ಬದಲು ರೂಪಾಯಿ ಇಡಿ ಎಂದರು. ಇವರು ಇಟ್ಟರು. ಅಲ್ಲಿಗೆ ಋಣ ಹರಿಯಿತು. ಇದರಲ್ಲಿ ತಿಳಿಗೇಡಿತನ ಯಾವುದು? ಆವತ್ತು ಸ್ಟಾಫ್ ರೂಮಿನಲ್ಲಿ ಇದನ್ನು ಇಷ್ಟು ಚೆನ್ನಾಗಿ ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಈಗ ಹೇಳುತ್ತಿದ್ದೇನೆ.

ಅವ್ವ ಮಾತ್ರ ದಿನವೂ ಗಾಡಿ ಮರಳಿಸಿ, ರೂಪಾಯಿ ತೆಗೆದುಕೊಂಡು, ಅದೇ ರೂಪಾಯಿಯನ್ನು ಅದೇ ಸೀಳಿಗೆ ಒತ್ತಿ ಮತ್ತೆ ಹೊರಡುತ್ತಿದ್ದಳು.

ಕೊನೆಗೆ ಸಂಘದವರು ಅಂಗಡಿ ಮುಂದಿನ ಅಂಗಳದ ಗೇಟಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿ, ಗಾಡಿ ಗೇಟು ದಾಟಬಾರದು ಎಂದು ಅಪ್ಪಣೆ ಮಾಡಿದರು. ಅವನು ಖಾನಾಪುರದ ಕಡೆಯ ಹಳ್ಳಿಯವನು, ಕುರಿ ಕಾಯುವ ಮನೆತನ, ಹೊಸದಾಗಿ ಸಂಬಳಕ್ಕೆ ಸೇರಿದ್ದ. ಅವ್ವನನ್ನು ಕಾಕು, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ. ಅವನು ಅವ್ವನನ್ನು ಗೇಟಿನಲ್ಲಿ ತಡೆದ ಸಂಜೆಯ ಮೊದಲ ಭಾಗವನ್ನು ನಾನು ನೋಡಿಲ್ಲ. ನೋಡಿದಂತೆಯೇ ನೆನಪಿದೆ, ಆದರೆ ಡೈರಿಯಲ್ಲಿ ಆ ದಿನ ದೇಸೂರಿನ ಹತ್ತಿರ ಬಸ್ಸು ಕೆಟ್ಟು ನಿಂತಿತ್ತು ಎಂದಷ್ಟೇ ಬರೆದುಕೊಂಡಿದ್ದೇನೆ. ಹಾಗಾದರೆ ಇದು ಪಕ್ಕದ ಮನೆಯವಳು ಹೇಳಿದ್ದು.

"ಕಾಕು, ಗಾಡಿ ಇಲ್ಲೇ ಬಿಡ್ರಿ. ಹೊರಗ ಒಯ್ಯಬಾರದಂತ ಹೇಳ್ಯಾರ."

"ಮತ್ತ ರೂಪಾಯಿ ಯಾಕ ಇಸ್ಕೊಂಡಾರ? ಒಳಗ ತಿರಗಾಕ ಯಾರರೆ ರೊಕ್ಕ ಕೊಡ್ತಾರೇನೋ?"

"ಅದೆಲ್ಲಾ ನನಗ ತಿಳಿಯೂದಿಲ್ರಿ. ಗೇಟ್ ಕಾಯಿ ಅಂದಾರ, ಕಾಯಾಕತ್ತೇನಿ."

"ಕಾಯಪಾ. ಕುರಿ ಕಾದಾವ ನೀ. ಸಂಜೀಕ ಹೊಳ್ಳಿ ಬರೂ ಕುರಿ ಯಾವ್ದು, ತಪ್ಪಿಸ್ಕೊಂಡು ಹೋಗೂದ್ಯಾವ್ದು, ನಿನಗೂ ತಿಳಿಯೂದಿಲ್ಲಂದ್ರ ಹೆಂಗ?"

ಅವನು ನಕ್ಕ. ಗೇಟು ತೆರೆಯಲಿಲ್ಲ. ಅವ್ವನೂ ಹಿಂದೆ ಸರಿಯಲಿಲ್ಲ. ಹಿಡಿಕೆ ಬಿಟ್ಟರೆ ಬೀಳುತ್ತಾಳೆ, ತಿರುಗಿಸೋಣ ಎಂದರೆ ಅಷ್ಟರಲ್ಲಿ ಹಿಂದೆ ಬೇರೆ ಹೆಂಗಸರ ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಮ್ಯಾನೇಜರು ಹೊರಬಂದರು.

"ಅವ್ವಾರ, ಎಷ್ಟ ಮಂದಿ ನಿಂತಾರ ನೋಡ್ರಿ. ಸ್ವಲ್ಪ ಬಾಜು ಸರೀರಿ."

"ಕಾಲಿದ್ರ ಸರೀತಿದ್ನಿ. ನನ್ನ ಕಾಲು ಈಗ ಈ ಗಾಡಿ. ಗೇಟ್ ತಗೀರಿ, ಮುಂದಕ್ಕ ಸರೀತೀನಿ."

"ನಿಮ್ಮ ಸಾಮಾನು ಮನೀಮಟಾ ಮುಟ್ಟಸ್ತೀವ್ರಿ, ಆಳು ಕಳಸ್ತೀನಿ."

"ಸಾಮಾನು ಏನೈತಿ? ಪಾವ ಕಿಲೋ ಶೇಂಗಾ. ಅದನ್ನ ನಾನೇ ಒಯ್ತೇನಿ. ನನ್ನ ಹೊತ್ಕೊಂಡು ಹೋಗಾಕ ಆಳ ಅದಾರೇನು ನಿಮ್ಮಲ್ಲಿ?"

"ಅದಕ್ಕ ನಾಕ ಮಂದಿ ಬೇಕಲ್ಲ, ಕಾಕು" ಎಂದು ಹಿಂದಿನಿಂದ ಯಾರೋ ಅಂದರು.

"ಆ ನಾಕ ಮಂದಿ ಬರೂ ಮಟಾ ನಾನೇ ನಡೀತೀನಿ" ಎಂದಳು ಅವ್ವ.

ನಾನು ಅಲ್ಲಿಗೆ ತಲುಪಿದಾಗ ಎಲ್ಲರೂ ನಗುತ್ತಿದ್ದರು, ಅವ್ವ ಮಾತ್ರ ನಗುತ್ತಿರಲಿಲ್ಲ. ಹಿಡಿಕೆಯ ಮೇಲೆ ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಬಹಳ ಹೊತ್ತು ನಿಂತು ಅವಳಿಗೆ ನೋವು ಶುರುವಾಗಿತ್ತು. ಇಂದು ಗಾಡಿ ಬಿಟ್ಟರೆ ನಾಳೆಯಿಂದ ಮತ್ತೆ ಹೊಸ್ತಿಲು ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನನ್ನು ಕಂಡು ಮ್ಯಾನೇಜರಿಗೆ ಜೀವ ಬಂದಂತಾಯಿತು.

"ಮೇಡಂ, ನೀವು ಕಲ್ತವರು. ಒಂದ ಮಾತ ತಿಳಿಸಿ ಹೇಳ್ರಿ. ಬೇಕಾದ್ರ ಒಂದ ಗಾಡಿದು ಕೀಲಿ ತಗಸ್ತೀನಿ, ಅವ್ವಾರಿಗಂತನೇ ಇಡ್ತೀವಿ. ರೂಪಾಯಿನೂ ಬ್ಯಾಡ, ಗೇಟಿಂದೂ ತಕರಾರಿಲ್ಲ. ಅವರೊಬ್ಬರಿಗೆ ಮಾಫಿ."

ನನಗೆ ಅದು ಒಳ್ಳೆಯ ಮಾತೆಂದೇ ಕಂಡಿತು. ಅವಳಿಗೆ ಬೇಕಾದದ್ದು ನಡೆಯುವುದು, ಅದು ಸಿಗುತ್ತಿದೆ. "ಹೂಂ ಅನ್ನವ್ವಾ" ಎಂದೆ.

"ಮಾಫಿ ಮಾಡಾಕ ನಾ ಏನ್ ತಪ್ಪ ಮಾಡೇನಿ?" ಅವಳು ನನ್ನ ಕಡೆ ನೋಡಲಿಲ್ಲ, ಮ್ಯಾನೇಜರನ್ನೇ ನೋಡುತ್ತಿದ್ದಳು. "ನಾನೂ ಶೇರು ಹಾಕೇನಿ, ಹಿಂದ ನಿಂತಾವ್ರೂ ಹಾಕ್ಯಾರ. ನನಗೊಬ್ಬಾಕಿಗೆ ಕೀಲಿ ತಗದ್ರ ಇವರೆಲ್ಲಾ ಕಳ್ಳರಾದಂಗಾತು. ನಾಳೆ ಇವರ ಮಾರಿ ನೋಡಿ ಹೆಂಗ ಹಾದು ಹೋಗ್ಲಿ? ರೂಪಾಯಿ ಹಾಕೇನಿ. ನಾಳೆ ಸಂಜೀಕ ಗಾಡಿ ತರ್ತೀನಿ. ತರಲಿಲ್ಲಂದ್ರ ಮನಿ ಗೊತ್ತೈತಿ, ಬರ್ರಿ."

"ಎಲ್ಲಾರೂ ನಿಮ್ಮಂಗ ಹೊಳ್ಳಿ ತರೂದಿಲ್ರಿ, ಅವ್ವಾರ."

"ಮೊದಲ ತರ್ತಿದ್ರು. ಯಾವಾಗಿಂದ ಬಿಟ್ರು, ನೀವೇ ನೆನಪ ಮಾಡ್ಕೊರಿ."

ಮ್ಯಾನೇಜರು ಹಿಂದೆ ನಿಂತ ಗಾಡಿಗಳ ಕಡೆ ನೋಡಿದರು. ನೆನಪು ಮಾಡಿಕೊಳ್ಳುತ್ತಿದ್ದರೇನೋ. ಅವರಿಗೆ ಅಧ್ಯಕ್ಷರ ಭಯವೂ ಇತ್ತು.

ಗೇಟು ತೆರೆದವರು ಯಾರು ಎಂಬುದರಲ್ಲಿ ಒಮ್ಮತವಿಲ್ಲ. ಕಾವಲುಗಾರ ಮ್ಯಾನೇಜರ ಮುಖ ನೋಡಿ ಅಗುಳಿ ಎತ್ತಿದ ಎಂದು ನನ್ನ ನೆನಪು. ಮ್ಯಾನೇಜರೇ ಬಂದು ತೆರೆದರು ಎನ್ನುತ್ತಾಳೆ ಪಕ್ಕದ ಮನೆಯವಳು. ಅಗುಳಿ ಮೊದಲಿಂದಲೂ ಹಾಕಿರಲೇ ಇಲ್ಲ, ಕಾಕು ಗಾಡಿಯಿಂದ ದೂಡಿದ ಕೂಡಲೇ ತೆರೆದುಕೊಂಡಿತು ಎಂದು ಓಣಿಯಲ್ಲಿ ಕೆಲವರು ಹೇಳುತ್ತಾರೆ. ಮೂರನೆಯದನ್ನು ನಂಬಲು ನನಗೆ ಇಷ್ಟ. ಅಷ್ಟು ಇಷ್ಟವಾಗುವುದರಿಂದಲೇ ಅದನ್ನು ನಂಬುವುದಿಲ್ಲ. ಯಾರು ತೆರೆದರೂ ಹೊರಬಂದದ್ದು ಅವಳೊಬ್ಬಳೇ ಅಲ್ಲ. ಹಿಂದೆ ನಿಂತ ಗಾಡಿಗಳೆಲ್ಲ ಒಂದರ ಹಿಂದೊಂದು ರಸ್ತೆಗಿಳಿದವು. ಗಾಲಿಗಳ ಸದ್ದಿಗೆ ದರ್ಜಿ ಅಂಗಡಿಯವನು ಹೊಲಿಗೆ ನಿಲ್ಲಿಸಿ ಹೊರಗೆ ಬಂದು ನಿಂತ. ಸಂಘದವರು ಆಮೇಲೆ ಕೀಲಿಗಳನ್ನು ತೆಗೆಯಲಿಲ್ಲ, ಗೇಟನ್ನೂ ಮತ್ತೆ ಹಾಕಲಿಲ್ಲ. ತಪ್ಪಾಯಿತು ಎಂದು ಯಾರೂ ಯಾರಿಗೂ ಹೇಳಲಿಲ್ಲ. ಅವ್ವನೂ ಅದನ್ನು ಕೇಳಲಿಲ್ಲ.

ಆ ಸಂಜೆ ನಾನು ಅವಳ ಪಕ್ಕದಲ್ಲಿ ನಡೆದೆ. ಮಾಫಿಯನ್ನು ಒಪ್ಪಿಕೋ ಎಂದದ್ದಕ್ಕೆ ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಗಾಲಿಯೊಂದು ಕಿರುಗುಡುತ್ತಿತ್ತು. ಒಬ್ಬೊಬ್ಬರಾಗಿ ಹೆಂಗಸರು ತಮ್ಮ ತಮ್ಮ ಬಾಗಿಲಿಗೆ ತಿರುಗಿದರು. ನಮ್ಮ ಬಾಗಿಲೂ ಬಂತು. ಅವಳಿಗೆ ನೋವಿದೆ, ಬೇಗ ಕೂರಿಸಬೇಕು ಎಂದು ನಾನು ಮುಂದೆ ಹೋಗಿ ಬೀಗ ತೆಗೆದೆ. ತಿರುಗಿ ನೋಡಿದರೆ ಅವಳು ನಿಂತಿರಲಿಲ್ಲ. ಬಾಗಿಲು ದಾಟಿ, ಓಣಿಯ ಕೊನೆಗೆ, ಗೋಡೆಗಳು ಮುಗಿಯುವ ಕಡೆಗೆ ಗಾಡಿ ತಳ್ಳುತ್ತ ಹೋಗುತ್ತಿದ್ದಳು.

"ಅವ್ವಾ, ಮನಿ ಬಂತು" ಎಂದೆ.

"ಬರ್ಲಿ" ಎಂದಳು, ಹಿಂದೆ ನೋಡದೆ. "ಅದೇನ್ ಓಡಿ ಹೋಗ್ತೈತೇನು?"