ಹೂಜಿ ಗಿಡಕ್ಕೆ ಸ್ವಾತಿ ಮಳೆಯ ನೀರು

ನಾನು ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವಳು. ನೀರಿನ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಸಿಟ್ಟು ಮೂಗಿನ ತುದಿಗೇ ಬರುತ್ತಿತ್ತು. ಈಗ ಬರುವುದಿಲ್ಲ. ಆ ಸಿಟ್ಟನ್ನು ಇಳಿಸಿದವರು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನನ್ನ ಅಕ್ಕ ಕಾರ್ಗಲ್ಲಿನಿಂದ ರಿಪ್ಪನ್‌ಪೇಟೆಯ ನನ್ನ ಬಾಡಿಗೆ ಮನೆಗೆ ಬಂದಳು. ಎದೆಯ ಕ್ಯಾನ್ಸರಿನ ಚಿಕಿತ್ಸೆಗೆ ಮೂರು ತಿಂಗಳು ದೂರದ ಊರಿನಲ್ಲಿ ಇರಬೇಕಿತ್ತು. ಭಾವ ಕಾರಿನಿಂದ ಐದು ಕ್ಯಾನ್ ಮಳೆ ನೀರು ಇಳಿಸಿದರು. ಅಕ್ಕ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದ ಕುಂಡವನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿದ್ದದ್ದು ಹೂಜಿ ಗಿಡ. ಎಲೆಯ ತುದಿಗೆ ಹೂಜಿ ಬಿಟ್ಟು, ಅದರೊಳಗೆ ಬಿದ್ದ ಇರುವೆ, ನೊಣಗಳನ್ನು ಕರಗಿಸಿ ಉಣ್ಣುವ ಗಿಡ. ಒಂದು ಗೇಣು ತುಂಡಿನಿಂದ ಎಂಟು ವರ್ಷ ಸಾಕಿ, ಹನ್ನೊಂದು ಹೂಜಿ ಬಿಡುವಷ್ಟು ಬೆಳೆಸಿದ್ದಳು.

"ಮಳೆ ನೀರು ಬಿಟ್ಟು ಬೇರೆ ಒಂದು ಹನಿ ಹಾಕ್ಬೇಡ ಮಾರಾಯ್ತಿ. ನಾನು ಬರೋ ತನಕ ಇರ್ಲಿ ಅದು" ಎಂದಳು. ತನ್ನ ಕಾಯಿಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ಕ್ಷಣದಲ್ಲೇ ನನ್ನ ತಲೆಯೊಳಗೆ ಒಂದು ಹುಚ್ಚು ಲೆಕ್ಕ ಕೂತುಬಿಟ್ಟಿತು. ಗಿಡ ಉಳಿದರೆ ಅಕ್ಕ ಉಳಿಯುತ್ತಾಳೆ. ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯುವ ನಾನೇ ಹೀಗೆ ಅಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಆದರೂ ಅದು ತಲೆಯಿಂದ ಹೋಗಲಿಲ್ಲ.

ಈ ಜಾತಿಯ ಗಿಡಗಳು ಸಾರವೇ ಇಲ್ಲದ ಜಾಗದಲ್ಲಿ ಹುಟ್ಟಿದವು. ಊಟವೆಲ್ಲ ಎಲೆಯ ಮೂಲಕ. ಬೇರಿಗೆ ಬರೀ ನೀರು ಗೊತ್ತು, ಉಪ್ಪು, ಸುಣ್ಣ ತಡೆಯುವುದಿಲ್ಲ. ನಮ್ಮ ಬೋರ್‌ವೆಲ್ ನೀರೋ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟಿಸುವಂಥದ್ದು. ಬಾಟಲಿಯಲ್ಲಿ ಮಾರುವ ಮಿನರಲ್ ವಾಟರಿಗೂ ರುಚಿಗೆಂದು ಲವಣ ಸೇರಿಸಿರುತ್ತಾರೆ. ಇದನ್ನೆಲ್ಲ ನಾನು ಅಡುಗೆಯಮ್ಮನಿಗೆ ಪಾಠದ ಹಾಗೆ ಒಪ್ಪಿಸಿದೆ. ಅವರು ನಮ್ಮ ಪಕ್ಕದ ಮನೆಯವರೇ.

"ಬೇಳೆ ಬೇಯದ ನೀರು ಅನ್ನಿ" ಎಂದರು ಅವರು. ನನ್ನ ಪಾಠ ಅಷ್ಟರಲ್ಲಿ ಮುಗಿಯಿತು.

ಅವರ ತವರು ತುಮರಿ ಕಡೆ. ಸುತ್ತ ಹಿನ್ನೀರಿದ್ದರೂ ಕುಡಿಯುವ ನೀರನ್ನು ಆರಿಸಿ ತರುವ ಮನೆಯಲ್ಲಿ ಬೆಳೆದವರು. ಒಮ್ಮೆ ಶಾಲೆಯ ನಲ್ಲಿಗೆ ಬಾವಿಯ ಬದಲು ಬೋರ್ ನೀರು ಬಿಟ್ಟಿದ್ದು ಮುಖ್ಯೋಪಾಧ್ಯಾಯರಿಗೇ ಗೊತ್ತಿರಲಿಲ್ಲ. ಬೇಳೆ ಕುದಿಯುವುದನ್ನು ನೋಡಿಯೇ ಅಡುಗೆಯಮ್ಮ, "ನೀರು ಬದಲಾಗೈತೆ" ಎಂದಿದ್ದರು. ಎಂಥ ಹೆಂಗಸು ಅಂತೀರಿ!

ಏಪ್ರಿಲ್ ಮುಗಿಯುವುದರೊಳಗೆ ಐದೂ ಕ್ಯಾನ್ ಖಾಲಿಯಾದವು. ಅಷ್ಟರಲ್ಲಿ ಭರಣಿ ಮಳೆ ಬಂತು. ಹೆಂಚಿನ ಮಾಡಿನಿಂದ ಇಳಿಯುವ ನೀರು ಕೊಳಕು ಎಂದು ಅಂಗಳದ ನಡುವೆ ನಾಲ್ಕು ಗೂಟಕ್ಕೆ ಬಿಳಿ ಪಂಚೆ ಕಟ್ಟಿದೆ. ಸೋಪಿನ ಅಂಶ ಉಳಿದೀತೆಂದು ಆ ಪಂಚೆಯನ್ನು ಮೊದಲೇ ಕುದಿಸಿಟ್ಟಿದ್ದೆ. ಪಂಚೆಯ ನಡುವೆ ಒಂದು ಕಲ್ಲಿಟ್ಟು, ಕೆಳಗೆ ಮನೆ ಮಾಲೀಕರ ನೀಲಿ ಡ್ರಮ್ ಇಟ್ಟೆ. ಮೊದಲ ಹತ್ತು ನಿಮಿಷದ ನೀರನ್ನು ಚೆಲ್ಲಿದೆ. ಅರ್ಧ ಡ್ರಮ್ ತುಂಬಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹತ್ತು ದಿನಕ್ಕೆ ಎಲೆಗಳ ಅಂಚು ಸುಟ್ಟಂತಾಯಿತು. ಹೂಜಿಗಳು ಒಂದೊಂದಾಗಿ ಕಂದಿ ಒಣಗಿದವು. ಬಿಸಿಲು ಜಾಸ್ತಿಯಾಯಿತು ಅಂದುಕೊಂಡು ನೆರಳಿಗಿಟ್ಟು, ಅದೇ ನೀರನ್ನು ಇನ್ನಷ್ಟು ಹಾಕಿದೆ. ಅಕ್ಕ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು. ತನ್ನ ಕ್ಯಾಮೆರಾ ಮಾತ್ರ ಆಫ್. "ನನ್ನ ಮುಖ ಎಂತಕ್ಕೆ? ಗಿಡ ತೋರ್ಸು" ಎನ್ನುತ್ತಿದ್ದಳು. ನಾನು ಕುಂಡವನ್ನು ತಿರುಗಿಸಿ, ಹಸಿರು ಉಳಿದಿದ್ದ ಬದಿಯನ್ನೇ ತೋರಿಸುತ್ತಿದ್ದೆ.

ಕಡೆಗೆ ಅಡುಗೆಯಮ್ಮನನ್ನು ಕರೆದೆ. ಅವರು ಗಿಡದ ಕಡೆ ನೋಡಲೂ ಇಲ್ಲ. ನೇರ ಡ್ರಮ್ಮಿನ ಹತ್ತಿರ ಹೋಗಿ, ಒಳಗೆ ಕೈ ಹಾಕಿ ಅಂಚನ್ನು ಉಗುರಿನಿಂದ ಕೆರೆದರು. ತಿಳಿನೀಲಿ ಬಣ್ಣದ ಪುಡಿ ಉಗುರಿಗೆ ಬಂತು.

"ಟೀಚರೇ, ಇದು ಕೊಳೆ ಔಷಧಿ ಕಲಸೋ ಡ್ರಮ್ಮಲ್ವಾ?"

ಅಯ್ಯೋ ದೇವರೇ! ಮಾಲೀಕರು ಪ್ರತಿ ಮಳೆಗಾಲ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ಕಲಸುತ್ತಿದ್ದ ಡ್ರಮ್. ನಮ್ಮ ಕಡೆ ಯಾರ ಅಂಗಳದಲ್ಲಿ ನೀಲಿ ಡ್ರಮ್ ಕಂಡರೂ ಅದರ ಪೂರ್ವಾಶ್ರಮ ಇದೇ. ಪಂಚೆಯನ್ನು ಕುದಿಸಿದ ಜಾಣೆಗೆ ಅದು ಹೊಳೆಯಲಿಲ್ಲ. ಮೂರು ಸಲ ತೊಳೆದಿದ್ದೆ, ಆದರೆ ಒಳಗೆ ಕಟ್ಟಿದ್ದ ಹೆಕ್ಕಳೆ ಹಾಗೇ ಇತ್ತು. ಅಕ್ಕನ ಗಿಡಕ್ಕೆ ನಾನೇ ಇಷ್ಟೂ ದಿನ ವಿಷ ಕುಡಿಸಿದ್ದೆ. ಗಿಡ ಯಾಕಿಷ್ಟು ಮುಖ್ಯ ಎಂಬ ನನ್ನ ಹುಚ್ಚನ್ನೂ ಅವರಿಗೆ ಹೇಳಿಬಿಟ್ಟೆ.

ಅವರು ನಗಲಿಲ್ಲ. ಮನೆಗೆ ಹೋಗಿ ಎಂಟು ಗಾಜಿನ ಬಾಟಲಿ ಬುಟ್ಟಿಯಲ್ಲಿಟ್ಟುಕೊಂಡು ಬಂದರು. ದೀಪಾವಳಿಯ ಆಸುಪಾಸಿನ ಸ್ವಾತಿ ಮಳೆಯ ನೀರು. ಅದನ್ನು ಬಯಲಲ್ಲೇ ಹಿಡಿದು ವರ್ಷಪೂರ್ತಿ ಇಟ್ಟುಕೊಳ್ಳುವುದು ಅವರ ತವರಿನ ರೂಢಿ. ಹೆಪ್ಪಿಲ್ಲದಿದ್ದರೆ ಆ ನೀರಿನ ನಾಲ್ಕು ಹನಿಯಿಂದಲೇ ಹಾಲು ಮೊಸರಾಗುತ್ತದೆ ಎನ್ನುತ್ತಾರೆ. ಸುಳ್ಳು ಎಂದು ನಾನು ವಾದಿಸಿದ್ದ ಮರುದಿನ ಒಂದು ಬಟ್ಟಲು ಗಟ್ಟಿ ಮೊಸರು ತಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು.

"ಮೊದ್ಲು ಮಣ್ಣು ತೊಳೀಬೇಕು" ಎಂದು ಕುಂಡವನ್ನು ಎತ್ತಿ ಹಿಡಿದರು. ಒಂದೊಂದೇ ಬಾಟಲಿಯನ್ನು ಸಣ್ಣ ಧಾರೆಯಾಗಿ ಹೊಯ್ದರು. ಬುಡದಿಂದ ಇಳಿದ ನೀರನ್ನು ಪ್ರತಿ ಸಲ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದರು. ಐದು ಬಾಟಲಿ ಖಾಲಿಯಾದಾಗ ನನಗೆ ಸಂಕಟವಾಯಿತು.

"ವರ್ಷದ ನೀರು, ನಿಮಗೆ ಬೇಡ್ವಾ?"

"ಮುಂದಿನ ಸ್ವಾತಿ ಬರ್ತದಲ್ಲ. ಅಲ್ಲೀತಂಕ ಹೆಪ್ಪು ನಿಮ್ಮನೆಯಿಂದ ಇಸ್ಕೊಳ್ತೀನಿ, ಕೊಡ್ತೀರಾ ಇಲ್ವಾ ಹೇಳಿ" ಎಂದು ಉಳಿದ ಮೂರನ್ನು ನನ್ನ ಮುಂದಿಟ್ಟರು. ಮುಂದೆ ಒಳ್ಳೆಯ ಮಳೆ ಬಂದಾಗ ತಮ್ಮ ಮನೆಯ ಸ್ಟೀಲ್ ಕೊಳದಪ್ಪಲೆಯನ್ನೇ ತಂದು ನನ್ನ ಪಂಚೆಯ ಕೆಳಗಿಟ್ಟು ನೀರು ಹಿಡಿದುಕೊಟ್ಟರು. ಆವತ್ತಿನಿಂದ ನಾನು ಅವರ ಮಾತಿಗೆ ಎದುರು ಆಡಿದ್ದಿಲ್ಲ.

ಜೂನ್ ಮೊದಲ ವಾರ ಅಕ್ಕ ಕಾರ್ಗಲ್ಲಿಗೆ ಹೋಗುವ ಮೊದಲು ನಮ್ಮ ಮನೆಗೇ ಬಂದಳು. ತಲೆಗೆ ಹತ್ತಿಯ ಶಾಲು ಬಿಗಿದಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಾನು ಕುಂಡ ತಂದು ಮುಂದಿಟ್ಟು, ಈ ಸಲ ತಿರುಗಿಸಲಿಲ್ಲ. ಹನ್ನೊಂದು ಹೂಜಿಯೂ ಹೋಗಿದ್ದವು. ಸುಟ್ಟ ಎಲೆಗಳ ನಡುವೆ ಒಂದು ಹೊಸ ಎಲೆ, ಅದರ ತುದಿಗೆ ಇನ್ನೂ ಮುಚ್ಚಳ ತೆರೆಯದ ಹೆಬ್ಬೆರಳಷ್ಟು ಹೂಜಿ. ಡ್ರಮ್ಮಿನ ಕಥೆ, ಫೋನಿನಲ್ಲಿ ತೋರಿಸಿದ ಸುಳ್ಳು ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಕ್ಕ ಆ ಪುಟ್ಟ ಹೂಜಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು. ಆಮೇಲೆ ಶಾಲು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. ಬೋಳು ತಲೆ. ಅಂಗೈಗೆ ಸಣ್ಣಗೆ ಹೊಸ ಕೂದಲು ತಾಗಿತು. ಮೂರು ತಿಂಗಳು ತಡೆದಿಟ್ಟದ್ದೆಲ್ಲ ನನಗೆ ಒಮ್ಮೆಲೇ ಉಕ್ಕಿ ಬಂತು. ಕುಂಡದ ಮೇಲೆ ಬಗ್ಗಿ ಗೊಳೋ ಎಂದು ಅಳತೊಡಗಿದೆ.

ಅಕ್ಕ ನನ್ನ ಭುಜ ಹಿಡಿದು ಆಚೆ ಎಳೆದಳು.

"ಆ ಕಡೆ ತಿರುಗಿ ಅಳೇ ಮಾರಾಯ್ತಿ. ಕಣ್ಣೀರಲ್ಲಿ ಉಪ್ಪಿರ್ತದೆ."