ಪೆಟ್ಟು ತಿಂದ ಬೈಕಿನ ವಿಮೆ

ನನ್ನ ಬೈಕಿಗೆ ನನ್ನ ಮದುವೆಗಿಂತ ಹೆಚ್ಚು ವಯಸ್ಸು. ಅದರ ವಿಮೆ ಮಾಡಿಸುತ್ತಿದ್ದವರು ಗಿರಿನಗರದ ನಮ್ಮ ಕೆಳಗಿನ ಮನೆಯ ಆಂಟಿ. ಅವರು ವಿಮೆ ಏಜೆಂಟ್. ಹೋದ ವರ್ಷ ಅವರು ಎರಡು ದಾರಿ ಬಿಡಿಸಿ ಹೇಳಿದರು. ನನ್ನಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ, ಅದು ಕಾನೂನು ಪ್ರಕಾರ ಇರಲೇಬೇಕು. ಬೈಕನ್ನೂ ಸೇರಿಸಿಕೊಂಡ ಫುಲ್ ಇನ್ಶೂರೆನ್ಸ್ ಮಾಡಿಸುವುದು ಬಿಡುವುದು ನನ್ನಿಷ್ಟ.

"ಹಳೇ ಗಾಡಿ ಕಣಪ್ಪ. ಕಳ್ಳತನ ಆದ್ರೂ ಕಂಪ್ನಿಯವ್ರು ಕೊಡೋದು ಗುಜರಿ ರೇಟೇ. ಥರ್ಡ್ ಪಾರ್ಟಿ ಸಾಕು."

ನನಗೂ ಸರಿ ಅನ್ನಿಸಿತು.

ಕೆಲವು ವಾರಗಳ ನಂತರ ಅರೆಕೆರೆಯ ಅಕ್ಕನ ಮನೆಯಿಂದ ಜೆ.ಪಿ. ನಗರದ ಲ್ಯಾಬಿಗೆ ಕೆಲಸಕ್ಕೆ ಹೊರಟಿದ್ದೆ. ಸಿಗ್ನಲ್ಲಿನಲ್ಲಿ ಮುಂದೆ ಬಸ್ಸು, ಹಿಂದೆ ಬಿಡದೆ ಹಾರ್ನ್ ಹೊಡೆಯುವ ಕಾರು. ಸರಿಯಲು ಜಾಗವಿರಲಿಲ್ಲ. ಕಾರು ಪಕ್ಕದಿಂದ ನುಗ್ಗಿತು. ನನ್ನ ಹ್ಯಾಂಡಲ್ ತಾಗಿ ಅದರ ಕನ್ನಡಿ ಮುರಿದು ನೇತಾಡಿತು.

ಇಳಿದವನ ಕೈಯಲ್ಲಿ ಕ್ರಿಕೆಟ್ ಬ್ಯಾಟಿತ್ತು.

"ಕಣ್ಣಿಲ್ವೇನೋ ನಿಂಗೆ?"

ಉತ್ತರ ಕೊಡಲು ಬಿಡಲಿಲ್ಲ. ಮೊದಲ ಏಟಿಗೆ ಹೆಡ್‌ಲೈಟ್ ಪುಡಿಯಾಯಿತು, ಮುಂದಿನದಕ್ಕೆ ಟ್ಯಾಂಕ್ ಒಳಕ್ಕೆ ಬಗ್ಗಿತು. ಬೈಕ್ ನನ್ನ ಕಾಲ ಮೇಲೆ ಬಿತ್ತು. ತಡೆಯಲು ಎತ್ತಿದ ಕೈಗೇ ಬಾರಿಸಿದ. ಮೂಳೆ ಮುರಿದ ಸದ್ದು ನೋವಿಗಿಂತ ಮೊದಲು ಕೇಳಿಸಿತು. ಆಮೇಲೆ ತಲೆಗೆ. ಹೆಲ್ಮೆಟ್ ಬಿರಿಯಿತು, ಬಾಯೊಳಗೆ ರಕ್ತದ ರುಚಿ. ಸುತ್ತಲಿದ್ದವರು ಮೊಬೈಲ್ ಎತ್ತಿ ಹಿಡಿದಿದ್ದರು.

ಅಷ್ಟರಲ್ಲಿ ಫುಟ್‌ಪಾತಿನಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ಮಚ್ಚು ಹಿಡಿದೇ ಓಡಿಬಂದರು.

"ಇನ್ನೊಂದ್ ಏಟ್ ಹಾಕು ನೋಡಣ. ಕೈ ಕಡ್ದು ಇಲ್ಲೇ ಬಿಸಾಕ್ತೀನಿ!"

ಅವನು ಹಿಂದೆ ಸರಿದ. ಆಕೆ ನನ್ನ ಕಂಕುಳಿಗೆ ಕೈ ಕೊಟ್ಟು ಬೈಕಿನಡಿಯಿಂದ ಎಳೆದುಕೊಂಡರು. ಅವನು ಕಾರು ಹತ್ತಿ, ಬಿದ್ದಿದ್ದ ಬೈಕಿನ ಮುಂದಿನ ಚಕ್ರದ ಮೇಲೆ ಹತ್ತಿಸಿಕೊಂಡೇ ಹೋದ.

ಮುರಿದ ಮೂಳೆಗೆ ಪ್ಲೇಟ್, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಆಂಟಿ ನೋಡಲು ಬಂದರು.

"ವಿಮೆಯಿಂದ ಏನೂ ಬರಲ್ವಾ ಆಂಟಿ?"

"ಥರ್ಡ್ ಪಾರ್ಟಿ ಅಂದ್ರೆ ನೀನು ಯಾರಿಗಾದ್ರೂ ಗುದ್ದಿದ್ರೆ ಅವ್ರಿಗೆ ಕಣಪ್ಪ. ನಿಂಗ್ ಬಿದ್ದ ಪೆಟ್ಟಿಗಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೇ ಬೇಡ ಅಂದೆ."

ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಆ ಬ್ಯಾಟಿನವನ ಮೇಲೆ. ಪ್ಲಾಸ್ಟರ್ ಹಾಕಿದ ಕೈಯಿಂದಲೇ ಅವನ ಮುಖ ಜಜ್ಜುವುದನ್ನು ಹಾಸಿಗೆಯಲ್ಲಿ ಮಲಗಿ ಮತ್ತೆ ಮತ್ತೆ ಕಲ್ಪಿಸಿಕೊಂಡೆ. ಯಾರೋ ತೆಗೆದ ವಿಡಿಯೋದಿಂದ ಪೊಲೀಸರು ಅವನನ್ನು ಹಿಡಿದರು. ಠಾಣೆಯಲ್ಲಿ ಅವನು ನನ್ನೆದುರೇ ಕೂತು ಇನ್‌ಸ್ಪೆಕ್ಟರಿಗೆ, "ಆ ಡಬ್ಬಾ ಗಾಡಿಗೆ ಕೇಸ್ ಯಾಕೆ ಸಾರ್? ಹೊಸದೇ ಕೊಡಿಸ್ತೀನಿ, ಮುಗಿಸ್ಬಿಡಿ" ಅಂದ. ನನ್ನ ಕೈಯ ಬಗ್ಗೆ ಒಂದು ಮಾತಿಲ್ಲ. ನಾನು ರಾಜಿಗೆ ಒಪ್ಪಲಿಲ್ಲ. ಎಳನೀರಿನಾಕೆ ವ್ಯಾಪಾರ ಬಿಟ್ಟು ಬಂದು ಸಾಕ್ಷಿ ಹೇಳಿಕೆ ಕೊಟ್ಟರು. ಕೇಸು ಇನ್ನೂ ನಡೆಯುತ್ತಿದೆ.

ಈ ವರ್ಷ ವಿಮೆಯ ಹೊತ್ತಿಗೆ, "ಎಲ್ಲಾ ಹಾಕ್ಬಿಡಿ ಆಂಟಿ, ಫುಲ್" ಅಂದೆ. ಪಾಲಿಸಿ ಬ್ಯಾಟನ್ನು ತಡೆಯುತ್ತದೆ ಅನ್ನುವ ಹಾಗೆ.

ಹೆಂಡತಿ ತಡೆದಳು. "ಗಾಡಿ ಹೋದ್ರೆ ಹೋಗ್ಲಿ ರೀ. ನಿಮಗೇನ್ ಸಿಗತ್ತೆ ಕೇಳಿ."

ಆಂಟಿ ಈ ಸಲ ಎಲ್ಲವನ್ನೂ ಓದಿ ಹೇಳಿದರು. ಹಳೆಯ ಬೈಕಿನ ಬಿಡಿಭಾಗಕ್ಕೆಲ್ಲ ಸವಕಳಿ ಕಳೆದೇ ಕೊಡುತ್ತಾರೆ, ನಮ್ಮ ಕೈಗೆ ಹೆಚ್ಚೇನೂ ಉಳಿಯುವುದಿಲ್ಲ. ಓಡಿಸುವವನ ಅಪಘಾತ ವಿಮೆ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಆಸ್ಪತ್ರೆ ಖರ್ಚಿಗೆ ಆರೋಗ್ಯ ವಿಮೆಯೇ ಬೇಕು. ಥರ್ಡ್ ಪಾರ್ಟಿಯ ಜೊತೆ ಅವೆರಡನ್ನೂ ಮಾಡಿಸಿದೆವು. ಬೈಕಿನ ಹಾನಿಗೆ ಮಾತ್ರ ವಿಮೆ ಮಾಡಿಸಲಿಲ್ಲ.

ರಿಪೇರಿಯಾದ ಬೈಕನ್ನು ಮೊದಲ ಸಲ ಬನಶಂಕರಿಯ ತನಕ ಓಡಿಸಿದೆ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು, ಒಮ್ಮೆ, ಸಾಧಾರಣವಾಗಿ. ನನ್ನ ಬೆರಳುಗಳು ಬ್ರೇಕಿಗೆ ಕಚ್ಚಿಕೊಂಡವು. ರಸ್ತೆ ಬದಿಗೆ ಬಂದು, ಇಂಜಿನ್ ಆರಿಸಿ, ಹಿಂದಿದ್ದವರೆಲ್ಲ ಮುಂದೆ ಹೋಗುವವರೆಗೆ ನಿಂತೆ.